ಮೊಲ ನುಗ್ಗಿದ ತೋಟ

ಸೀಬೆ ಮರದಿಂದ ಬಿದ್ದು ಕಾಲು ಮುರಿದುಕೊಂಡ ಮೊಮ್ಮಗಳು ಬೇಸಿಗೆ ರಜೆಯನ್ನೆಲ್ಲ ಅರಕಲಗೂಡಿನ ನಮ್ಮ ಮನೆಯ ಮಂಚದ ಮೇಲೆಯೇ ಕಳೆಯಬೇಕಾಯಿತು. ಏಳು ವರ್ಷದ ಹುಡುಗಿ, ಒಂದು ಕಡೆ ಕೂತವಳೇ ಅಲ್ಲ. ಪ್ಲಾಸ್ಟರ್ ಹಾಕಿದ ಹಾಸನದ ಡಾಕ್ಟರು, ಕಾಲ್ಬೆರಳನ್ನು ಆಗಾಗ ಆಡಿಸುತ್ತಿರಬೇಕು, ಇಲ್ಲದಿದ್ದರೆ ಪಾದ ಊದಿಕೊಳ್ಳುತ್ತದೆ ಎಂದು ಹೇಳಿ ಕಳಿಸಿದ್ದರು. ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡುತ್ತಿದ್ದಳು. ನೋವಾಗುತ್ತದೆಂಬ ಭಯ. ನಾನು ಗೋಗರೆದೆ, ಗದರಿದೆ, ಚಕ್ಕುಲಿಯ ಆಸೆ ತೋರಿಸಿದೆ. ಚಕ್ಕುಲಿ ತಿಂದಳು, ಬೆರಳು ಮಾತ್ರ ಅಲುಗಲಿಲ್ಲ. ಆ ಊದಿದ ಪಾದ ನೋಡಿದರೆ ನನಗೆ ಊಟ ಸೇರುತ್ತಿರಲಿಲ್ಲ.

ಹೊತ್ತು ಹೋಗಲೆಂದು ನಮ್ಮ ಅಳಿಯ ನನ್ನ ಮೊಬೈಲಿಗೆ ಒಂದು ಗೇಮು ಹಾಕಿಕೊಟ್ಟು ಹೋಗಿದ್ದರು. ಮಗಳಿಗೆ ಅದು ಇಷ್ಟವಿರಲಿಲ್ಲ. ಫೋನ್ ಮಾಡಿ, "ಅಮ್ಮ, ಮೊದ್ಲು ನೀನೂ ಅಪ್ಪನೂ ಕೂತು ನೋಡಿ. ಮಕ್ಕಳಿಗೆ ಸರಿ ಅನ್ಸಿದ್ರೆ ಆಡ್ಲಿ, ಇಲ್ದಿದ್ರೆ ತೆಗೆಸಿಬಿಡಿ" ಅಂದಳು.

ಕನ್ನಡಕ ಹಾಕಿಕೊಂಡು ಮೊಮ್ಮಗಳ ಪಕ್ಕ ಕೂತೆ. ಒಂದು ಮೊಲ ಓಡುತ್ತದೆ. ಹಳ್ಳ ಬಂದರೆ ನೆಗೆಯುತ್ತದೆ, ಬೇಲಿ ಬಂದರೆ ಹಾರುತ್ತದೆ, ದಾರಿಯಲ್ಲಿ ನೇತಾಡುವ ಹಣ್ಣು ಕಿತ್ತುಕೊಳ್ಳುತ್ತದೆ. ಅಷ್ಟೇ. ಬಂದೂಕಿಲ್ಲ, ರಕ್ತವಿಲ್ಲ. ಆ ಟೊಂಯ್ ಟೊಂಯ್ ಸಂಗೀತ ತಲೆ ತಿನ್ನುತ್ತದೆ, ಸದ್ದು ಕಮ್ಮಿ ಮಾಡಿದರಾಯಿತು. ನಾನು ಪಾಸು ಮಾಡಿಬಿಡುತ್ತಿದ್ದೆ. ಆದರೆ ನಮ್ಮ ಯಜಮಾನರು ಬಿಡಬೇಕಲ್ಲ!

"ತ್ವಾಟ ಯಾರ್ದು?" ಅಂದರು.

"ಯಾರ್ದೂ ಅಲ್ಲ ತಾತ, ಗೇಮು."

"ಬೇಲಿ ಆಕವ್ರೆ, ಸಾಲಾಗಿ ಗಿಡ ನೆಟ್ಟವ್ರೆ. ಯಾರ್ದೂ ಅಲ್ದಿದ್ರೆ ಬೇಲಿ ಯಾಕವ್ವ ಆಕ್ತಿದ್ರು? ಕಂಡೋರ್ ತ್ವಾಟಕ್ ನುಗ್ಗಿ ಅಣ್ಣು ಕೀಳೋದ್ನ ಕಲಿಸ್ತಾರಾ ಮಕ್ಳಿಗೆ? ಬ್ಯಾಡ, ತೆಗೆಸ್ಬುಡು."

ಆ ವಾರವಷ್ಟೇ ನಮ್ಮ ಮರದ ಮಾವಿನಕಾಯನ್ನು ಯಾರೋ ಇಳಿಸಿಕೊಂಡು ಹೋಗಿದ್ದರು. ಆ ಸಿಟ್ಟೆಲ್ಲ ಮೊಲದ ಮೇಲೆ ತಿರುಗಿತು.

ಮೊಮ್ಮಗಳ ಕಣ್ಣು ತುಂಬಿತು. "ಹಾಗಾದ್ರೆ ಹಣ್ಣು ಕೀಳಲ್ಲ ತಾತ, ಬರೀ ಓಡಿಸ್ತೀನಿ" ಅಂದು, ಒಂದು ಹಣ್ಣನ್ನೂ ಮುಟ್ಟದೆ ಕೊನೆಯವರೆಗೆ ಓಡಿಸಿದಳು. ಅಲ್ಲೊಂದು ಬಾಗಿಲು. ಹಣ್ಣಿಲ್ಲದೆ ಅದು ತೆರೆಯುವುದೇ ಇಲ್ಲ.

"ನೋಡ್ದಾ? ಬಾಗ್ಲು ಕಾಯೋನೂ ಕಳ್ಳರ್ ಜೊತೆ ಸೇರ್ಕಂಡವ್ನೆ" ಅಂದರು ಯಜಮಾನರು. ನನಗೆ ನಗು ತಡೆಯಲಾಗಲಿಲ್ಲ. ಮಗು ನಗಲಿಲ್ಲ. ತಾತ ಬೇಡ ಅಂದರೆ ಮುಗಿಯಿತು ಎಂದು ಅವಳಿಗೆ ಗೊತ್ತು. ಇದೊಂದೇ ಸಲ ಎಂದು ಅಂಗಲಾಚಿ ಮತ್ತೆ ಮೊದಲಿನಿಂದ ಶುರು ಮಾಡಿದಳು.

ನಾನು ಮೊಬೈಲು ನೋಡುವುದು ಬಿಟ್ಟು ಅವಳನ್ನೇ ನೋಡುತ್ತಿದ್ದೆ. ಮೊಲ ಹಳ್ಳದ ಅಂಚಿಗೆ ಬಂದು ನೆಗೆಯಿತು. ಪ್ಲಾಸ್ಟರಿನಿಂದ ಹೊರಗಿದ್ದ ಬೆರಳುಗಳೂ ನೆಗೆದವು. ಬೇಲಿ ಬಂತು, ಮತ್ತೆ ನೆಗೆದವು. ಅವಳಿಗೆ ಅದರ ಪರಿವೆಯೇ ಇಲ್ಲ. ಬಾಯಿ ಬಿಟ್ಟರೆ ಆ ಬೆರಳಾಟ ಎಲ್ಲಿ ನಿಂತುಹೋಗುತ್ತದೋ ಎಂದು ಯಜಮಾನರನ್ನು ಮೊಣಕೈಯಲ್ಲಿ ತಿವಿದು, ಕಣ್ಣಲ್ಲೇ ಅವಳ ಕಾಲು ತೋರಿಸಿದೆ.

ಅವರು ನೋಡಿದರು. ಮುಂದಿನ ಬೇಲಿ ಬಂದಾಗ ಬಗ್ಗಿ ಮತ್ತೊಮ್ಮೆ ನೋಡಿದರು. ಅಷ್ಟರಲ್ಲಿ ಹಣ್ಣಿನ ಸಾಲು ಬಂತು. ಮಗು ಮೊಲವನ್ನು ಅಲ್ಲೇ ನಿಲ್ಲಿಸಿ ತಾತನ ಮುಖ ನೋಡಿದಳು.

"ಕೀಳವ್ವ" ಅಂದರು. "ಎಷ್ಟ್ ಬೇಕೋ ಅಷ್ಟ್ ಕೀಳು. ತ್ವಾಟದೋರು ಕೇಳಕ್ ಬಂದ್ರೆ ನಾನ್ ಮಾತಾಡ್ಕತೀನಿ."