ದೀಪದ ಚಿತ್ರದ ಕ್ಯಾಸೆಟ್ಟು

ನನಗೆ ಒಂದು ಕಡೆ ಕೂತಿರಲು ಬರುವುದಿಲ್ಲ. ಗಂಡ ಹೋದ ಮೇಲೆ ಮಕ್ಕಳ ಮನೆಗಳ ನಡುವೆ ಓಡಾಡಿಕೊಂಡೇ ಇದ್ದೆ. ಹಿರಿಯ ಮಗ ರೈಲ್ವೆಯವನು, ಅಹಮದಾಬಾದಿನ ಮಣಿನಗರದಲ್ಲಿದ್ದ. ಅಳಿಯ ವಡೋದರೆಯ ಮಕರಪುರದಲ್ಲಿ ಮೋಟಾರು ಮಾಡುವ ಕಾರ್ಖಾನೆಯಲ್ಲಿದ್ದ. ಕಿರಿಯ ಮಗ ಬ್ಯಾಂಕಿನವನು, ಸೂರತ್ತಿನ ಅಡಾಜಣ್‌ನಲ್ಲಿದ್ದ. ಯಾರೂ ನನ್ನನ್ನು ಹೋಗು ಅನ್ನುತ್ತಿರಲಿಲ್ಲ. ಆದರೂ ಒಂದು ಮನೆಯ ಕಪಾಟಿನಲ್ಲಿ ನನ್ನ ಸೀರೆಗಳಿಗೆ ಜಾಗ ಮಾಡಿಕೊಡುವ ಹೊತ್ತಿಗೆ ನನಗೆ ಮುಂದಿನ ರೈಲಿನ ಯೋಚನೆ ಹತ್ತಿರುತ್ತಿತ್ತು.

ಇದಕ್ಕೆ ಹಿರಿಯ ಮಗ ಒಂದು ಉಪಾಯ ಹೂಡಿದ. ಟೇಪ್ ರೆಕಾರ್ಡರ್ ತಂದು ನನ್ನ ಮಂಚದ ಪಕ್ಕ ಇಟ್ಟು, "ಇದನ್ನ ಕೇಳ್ಕೋತ ಕೂಡು ಅವ್ವಾ, ಕಾಲಿಗೆ ಆರಾಮ ಸಿಗತದ," ಅಂದ. ಆದದ್ದು ಉಲ್ಟಾ. ಮನೆಯಲ್ಲಿದ್ದ ಕ್ಯಾಸೆಟ್ಟುಗಳನ್ನು ಕೇಳಿ ಕೇಳಿ ಬೇಸರ ಬಂದ ಮೇಲೆ ಹೊಸದನ್ನು ಹುಡುಕಿಕೊಂಡು ಸ್ಟೇಷನ್ ಹತ್ತಿರದ ಅಂಗಡಿಗೆ ಹೋಗಲು ಶುರುಮಾಡಿದೆ. ಸುಮ್ಮನೆ ತಿರುಗುತ್ತಿದ್ದವಳಿಗೆ ಈಗ ನೆಪವೂ ಸಿಕ್ಕಿತು.

ಆ ಅಂಗಡಿಯವನು ಸಿನಿಮಾ ಕ್ಯಾಸೆಟ್ಟುಗಳನ್ನು ಮುಂದೆ ಜೋಡಿಸಿ, ಸಣ್ಣಪುಟ್ಟವರು ತಾವೇ ಹಾಡಿ ತಾವೇ ಮಾಡಿಸಿ ತಂದುಕೊಟ್ಟದ್ದನ್ನು ಕೆಳಗೆ ಒಂದು ರಟ್ಟಿನ ಡಬ್ಬಿಯಲ್ಲಿ ಇಡುತ್ತಿದ್ದ. ನನಗೆ ಬೇಕಾದದ್ದು ಆ ಡಬ್ಬಿ. "ಆವೋ ಬಾ, ಬೇಸೋ," ಎಂದು ಸ್ಟೂಲು ಸರಿಸುತ್ತಿದ್ದ. ಅವರಲ್ಲಿ ಬಾ ಅಂದರೆ ತಾಯಿ. ಸೌರಾಷ್ಟ್ರದ ಯಾವನೋ ಮುದುಕನ ಭಜನೆ ಆ ಡಬ್ಬಿಯಲ್ಲಿತ್ತು, ನಡುವೆ ಎಮ್ಮೆ ಕೂಗಿದ್ದೂ ಬಂದುಬಿಟ್ಟಿತ್ತು. ಗರ್ಬಾ ಹಾಡುವ ಅಕ್ಕತಂಗಿಯರಿದ್ದರು, ಜಗಳಾಡಿದ ಹಾಗೆ ಹಾಡುತ್ತಿದ್ದರು. ಊರಿಗೆ ಹೋಗಿ ಬಂದ ಕನ್ನಡದವರು ನನಗೆಂದು ತರುತ್ತಿದ್ದ ಲಾವಣಿ, ಗೀಗೀ ಪದ ಬೇರೆ.

ಗುಜರಾತಿ ನನಗೆ ಅರ್ಧ ತಿಳಿಯುತ್ತಿತ್ತು, ಓದಲು ಬರುತ್ತಿರಲಿಲ್ಲ. ಕನ್ನಡವನ್ನೇ ಮೂರನೇ ಇಯತ್ತೆಯವರೆಗೆ ಕಲಿತವಳು. ಅದೇನೂ ಅಡ್ಡಿಯಾಗಲಿಲ್ಲ. ನಾನು ಯಾವಾಗಲೂ ಬಿ ಸೈಡು ಮೊದಲು ಹಾಕುತ್ತಿದ್ದೆ. ಎ ಸೈಡಿಗೆ ಎಲ್ಲರೂ ಒಳ್ಳೆಯ ಹಾಡುಗಳಿಗೆ ಮುಖ ತೊಳೆದು ಪೌಡರು ಹಚ್ಚಿ ಕೂಡಿಸಿರುತ್ತಾರೆ, ಉಳಿದದ್ದನ್ನು ಬಿ ಸೈಡಿಗೆ ತುಂಬಿರುತ್ತಾರೆ. ಅಲ್ಲಿಯೂ ಚಂದ ಹಾಡಿದ್ದರೆ ಅವರಿಗೆ ಹಾಡು ಬರುತ್ತದೆ ಅಂತ ಲೆಕ್ಕ. ಮೊರದಲ್ಲಿ ಅಕ್ಕಿ ಹಾಕಿಕೊಂಡು ಕೇಳುತ್ತಿದ್ದೆ. ಕೈ ನಿಂತರೆ ಹಾಡು ಛಲೋ. ಎದ್ದು ನೀರು ಕುಡಿಯಲು ಹೋದರೆ ಕೆಟ್ಟದ್ದು.

ಕೇಳಿದ್ದನ್ನು ಚೀಲದಲ್ಲಿ ಹಾಕಿಕೊಂಡು ಮೂರೂ ಊರು ತಿರುಗುತ್ತಿದ್ದೆನಲ್ಲ, ಕನ್ನಡದ ಹೆಂಗಸರು ನನ್ನನ್ನು ಕಂಡರೆ ಕೇಳುವುದು ಒಂದೇ ಆಯಿತು. ಏನ್ರೀ ಅಜ್ಜಿ, ಹೊಸಾದು ಏನ್ ಬಂದದ? ನಾನು ತಗೊಳ್ರಿ ಅನ್ನುತ್ತಿದ್ದೆ, ಇಲ್ಲ ಬ್ಯಾಡ ಅನ್ನುತ್ತಿದ್ದೆ. ಮೂರನೆಯ ಮಾತು ನನ್ನ ಹತ್ತಿರ ಇರಲಿಲ್ಲ.

ಮಕರಪುರದಲ್ಲಿ ಮಗಳ ಮನೆಯ ಮೇಲಿನ ಮಾಳಿಗೆಯಲ್ಲಿ ನಮ್ಮ ಧಾರವಾಡದ ಕಡೆಯ ಒಂದು ಕುಟುಂಬವಿತ್ತು. ಯಜಮಾನ ನಮ್ಮ ಅಳಿಯನ ಕಾರ್ಖಾನೆಯಲ್ಲೇ ಸೂಪರ್‌ವೈಜರ್. ಅವನ ಮಗಳು ಕಾಲೇಜು ಮುಗಿಸಿ ಮನೆಯಲ್ಲಿದ್ದಳು. ವಡೋದರೆಯಲ್ಲೇ ಬೆಳೆದ ಹುಡುಗಿ, ಅರ್ಧ ಕನ್ನಡ, ಅರ್ಧ ಹಿಂದಿ. ಆದರೆ ಹಾಡು ಕಟ್ಟುವಾಗ ಮಾತ್ರ ಕನ್ನಡದಲ್ಲೇ ಕಟ್ಟುತ್ತಿದ್ದಳು, ತಾಯಿ ಅಡಿಗೆಮನೆಯಲ್ಲಿ ಗೊಣಗುವ ಕನ್ನಡದಲ್ಲಿ. ಅವಳಿಗೆ ಬೆಳಗಾವಿ ಕಡೆಯ ಒಂದು ಸಂಬಂಧ ಬಂದಿತ್ತು. ಹುಡುಗಿ ಅತ್ತು ಕರೆದು ಅಪ್ಪನ ಹತ್ತಿರ ಒಂದು ಕ್ಯಾಸೆಟ್ಟಿಗೆ ಒಪ್ಪಿಗೆ ತೆಗೆದುಕೊಂಡಿದ್ದಳು. ಅಪ್ಪ ಕರಾರು ಹಾಕಿದ್ದ: ಮೂರೂ ಊರಿನ ನಮ್ಮ ಮಂದಿ ಮೆಚ್ಚಿದರೆ ಲಗ್ನದ ಮಾತು ಮುಂದೆ ನೋಡೋಣ, ಇಲ್ಲದಿದ್ದರೆ ಹಾಡು ಬಿಟ್ಟು ದೀಪಾವಳಿಯೊಳಗೆ ಹೂಂ ಅನ್ನಬೇಕು.

ಅವಳು ಕ್ಯಾಸೆಟ್ಟು ತಂದು ನನ್ನ ಮುಂದೆ ಉಗುರು ಕಡಿಯುತ್ತ ಕೂತಳು. ನಾನು ಎರಡೂ ಸೈಡು ಕೇಳಿದೆ. ದೇವರ ಹಾಡು ಒಂದೂ ಇರಲಿಲ್ಲ. ನಿಲ್ಲದೆ ಹೋಗುವ ಸಿಟಿ ಬಸ್ಸು, ಮಧ್ಯಾಹ್ನದ ಧೂಳು, ಉಕ್ಕುವ ಹಾಲು, ಇಂಥವು.

"ಕಡೀ ಹಾಡು ಬ್ಯಾಡಾಗಿತ್ತು," ಅಂದೆ. "ಆ ಕೀಬೋರ್ಡು ಯಾಕ ಹಂಗ ಚೀರತದ?"

"ಸ್ಟುಡಿಯೋ ಅಂಕಲ್ ಗರ್ಬಾದವರು ಅಜ್ಜಿ. ನಾನು ಬೇಡ ಅಂದೆ, ಅವರು ಸುನೇ ಹೀ ನಹೀಂ. ಬಾಕಿದು?"

"ಬಾಕಿದು ಛಲೋ ಅದ."

"ಸಚ್?"

"ಸುಳ್ಳು ಹೇಳಿ ನನಗೇನ್ ಸಿಗತದ?"

"ಎಲ್ಲಾರಿಗೂ ಹೇಳ್ತೀರಾ ಅಜ್ಜಿ?"

"ಕಡೀ ಹಾಡು ಬಿಟ್ಟು ಹೇಳ್ತೀನಿ."

ಕ್ಯಾಸೆಟ್ಟಿನ ಹೊದಿಕೆ ಮಾತ್ರ ನನಗೆ ನಗು ತರಿಸಿತು. ವಡೋದರೆಯ ಪ್ರೆಸ್ಸಿನಲ್ಲಿ ಕನ್ನಡದ ಅಕ್ಷರ ಇರಲಿಲ್ಲ, ಗುಜರಾತಿಯಲ್ಲೇ ಹಾಕಿದ್ದರು. ಚಿತ್ರಕ್ಕೆ ಅವರ ಹತ್ತಿರ ಸಿದ್ಧವಿದ್ದ ಅಚ್ಚಿನ ಬ್ಲಾಕು ಒಂದೇ, ಭಜನೆ ಕ್ಯಾಸೆಟ್ಟಿಗೆ ಹಾಕುವ ದೀಪ, ಸುತ್ತಲೂ ಹೂವು. ಅದನ್ನೇ ಒತ್ತಿ ಕೊಟ್ಟಿದ್ದರು.

ಶ್ರಾವಣದಲ್ಲಿ ಒಂದು ಕಟ್ಟು ಕ್ಯಾಸೆಟ್ಟು ಹೊತ್ತು ಸೂರತ್ತಿಗೆ ಹೋದೆ. ಹೊಸಾದು ಬಂದದ, ಛಲೋ ಅದ, ತಗೊಳ್ರಿ ಅಂತ ಮನೆಮನೆಗೆ ಹೇಳಿದೆ. ನಮ್ಮವರಿಗೆ ಒಂದು ಅಭ್ಯಾಸ. ಹೊಸದು ಏನೇ ಬರಲಿ, ಮೊದಲು ದೇವರ ಮುಂದೆ ಇಟ್ಟು ಅರಿಶಿನ ಕುಂಕುಮ ಹಚ್ಚಬೇಕು. ಮಿಕ್ಸರಿಗೂ ಹಚ್ಚುತ್ತಾರೆ, ಸ್ಕೂಟರಿಗೂ ಹಚ್ಚುತ್ತಾರೆ. ನಮ್ಮ ಕಿರಿಯ ಮಗನ ಕೆಳಗಿನ ಫ್ಲ್ಯಾಟಿನಲ್ಲಿ ಮೈಸೂರಿನ ಕಡೆಯ ಮ್ಯಾನೇಜರ ಹೆಂಡತಿ ಇದ್ದಳು. ಶುಕ್ರವಾರ ಲಕ್ಷ್ಮೀಪೂಜೆಗೆ ಅಡಾಜಣ್‌ನ ಕನ್ನಡದ ಹೆಂಗಸರನ್ನೆಲ್ಲ ಕರೆದಿದ್ದಳು. ದೀಪದ ಚಿತ್ರ ನೋಡಿದವಳು, ಮುದುಕಿ ಛಲೋ ಅಂದದ್ದು ದೇವರನಾಮವಲ್ಲದೆ ಇನ್ನೇನು ಎಂದುಕೊಂಡು ಕ್ಯಾಸೆಟ್ಟಿನ ಮೇಲೆ ಕುಂಕುಮ ಉದುರಿಸಿ, ಆರತಿ ಆದ ಕೂಡಲೇ ಟೇಪಿಗೆ ಹಾಕಿ ಹಚ್ಚಿಬಿಟ್ಟಳು.

ಮೊದಲನೆಯದು ಧೂಳಿನ ಹಾಡು. ನಿಧಾನಕ್ಕೆ ಶ್ರುತಿ ಹಿಡಿದು ಬಂತು. ಹೆಂಗಸರೆಲ್ಲ ಕೈ ಮುಗಿದು ಕಣ್ಣು ಮುಚ್ಚಿದರು. ಯಾರಿಗೂ ಅನುಮಾನ ಬರಲಿಲ್ಲ. ನಾನು ಹೇಳಬಹುದಿತ್ತು. ಕೇಳುತ್ತಿದ್ದಾರಲ್ಲ, ಕೇಳಲಿ ಎಂದು ಸುಮ್ಮನಿದ್ದೆ. ಆಮೇಲೆ ಹಾಲಿನ ಹಾಡು ಶುರುವಾಯಿತು.

ಹಾಲು ಉಕ್ಕಿತು ಅಂದರು ಎಲ್ಲರೂ,
ಉರಿ ಏರಿಸಿದವರ ಹೆಸರ ಹೇಳಲಿಲ್ಲ.

ಸೊಸೆ ಹಾಲು ಇಟ್ಟು ಹೋಗಿರುತ್ತಾಳೆ, ಅತ್ತೆ ಬಂದು ಉರಿ ಏರಿಸುತ್ತಾಳೆ, ಬೈಗುಳ ಸೊಸೆಗೆ. ಇಷ್ಟೇ ಹಾಡು. ಒಂದು ನುಡಿ ಮುಗಿಯುವವರೆಗೂ ಎಲ್ಲರೂ ಕೈ ಮುಗಿದೇ ಇದ್ದರು. ಮೊದಲು ನಕ್ಕವರು ಮ್ಯಾನೇಜರ ಹೆಂಡತಿಯ ಅತ್ತೆಯೇ. ಮೊಣಕಾಲ ಮೇಲೆ ಕೈ ಹೊಡೆದು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಅವರನ್ನು ನೋಡಿ ಉಳಿದವರೂ ನಕ್ಕರು. ಸೊಸೆ ಎದ್ದು ಟೇಪು ಬಂದ್ ಮಾಡಿದಳು.

"ಏನಜ್ಜಿ ಇದು? ನೀವೇ ತಾನೇ ಚೆನ್ನಾಗಿದೆ ಅಂದಿದ್ದು?"

"ಛಲೋ ಅದ ಅಂದೆ. ದೇವರದು ಅಂದೆನೇನು?"

"ಲಕ್ಷ್ಮಿ ಮುಂದೆ ಹಾಲು ಉಕ್ಕಿದ್ದು, ಬೈದಿದ್ದು ಎಲ್ಲಾ ಹಾಕ್ಬಿಟ್ನಲ್ಲ ನಾನು."

"ಲಕ್ಷ್ಮಿ ಮನಿಯಾಗ ಹಾಲು ಉಕ್ಕೂದಿಲ್ಲೇನು?"

ಇದು ಅವಳಿಗೆ ಹಿಡಿಸಲಿಲ್ಲ. ಎಲೆ ಅಡಿಕೆ ಕೊಡುವಾಗ ನನ್ನ ಮುಖ ನೋಡಲಿಲ್ಲ.

ಸುದ್ದಿ ನನಗಿಂತ ಮೊದಲು ಎಸ್‌ಟಿಡಿ ಫೋನಿನಲ್ಲಿ ವಡೋದರೆ ಮುಟ್ಟಿತು. ಮಗಳು ಫೋನ್ ಮಾಡಿದಳು. "ಅವ್ವಾ, ಏನ್ ಮಾಡಿ ಇಟ್ಟಿ? ದೇವರ ಮುಂದ ಹೊಲಸು ಹಾಡು ಹಾಡ್ಯಾಳ ಅಂತ ಮಂದಿ ಅನ್ನಾಕತ್ತಾರ. ಮ್ಯಾಲಿನವ್ರು ರವಿವಾರ ಬೆಳಗಾವಿಗೆ ಹೂಂ ಅಂತ ಹೇಳವ್ರದಾರ."

ನನ್ನ ಚೀಲ ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ಮರುದಿನ ಬೆಳಗಿನ ರೈಲು ಹಿಡಿದೆ. ಬಂದ ಕೂಡಲೇ ಹೊರಟೆನೆಂದು ನನ್ನ ಸೊಸೆ ಮೋರೆ ಇಳಿಸಿದಳು. ಭರೂಚಿನ ಸೇತುವೆ ದಾಟುವಾಗ ಎಲ್ಲರೂ ಕಿಟಕಿಯಿಂದ ನರ್ಮದೆಗೆ ಕಾಸು ಎಸೆಯುತ್ತಿದ್ದರು, ನಾನು ಬಾಗಿಲ ಹತ್ತಿರ ಎದ್ದು ನಿಂತಿದ್ದೆ. ಕೂತರೆ ರೈಲು ನಿಧಾನ ಹೋಗುತ್ತದೆ ಅನ್ನಿಸುತ್ತಿತ್ತು.

ಮೇಲಿನ ಮನೆಗೆ ನೆಟ್ಟಗೆ ಹೋದೆ. ಹುಡುಗಿ ಒಳಗಿನ ಕೋಣೆಯಲ್ಲಿದ್ದಳು, ಹೊರಗೆ ಬರಲಿಲ್ಲ. ಯಜಮಾನ ಪೇಪರು ಮಡಚಿದ.

"ಅಮ್ಮಾರ, ನಾವು ಮರ್ಯಾದಿಲೆ ಇದ್ದ ಮಂದಿ. ಇನ್ನ ಸಾಕು."

"ಹಾಡು ನೀ ಕೇಳೀಯೇನಪಾ?"

ಅವನು ಕೇಳಿರಲಿಲ್ಲ. ನಾನೇ ಟೇಪಿಗೆ ಕ್ಯಾಸೆಟ್ಟು ಹಾಕಿದೆ. ಅವನು ಗೋಡೆ ನೋಡುತ್ತ ಕೇಳಿದ. ಹಾಲಿನ ಹಾಡು ಬಂದಾಗ ಅಡಿಗೆಮನೆಯಲ್ಲಿ ಅವನ ಹೆಂಡತಿಯ ಪಾತ್ರೆ ಸದ್ದು ನಿಂತಿತು. ಅದು ಅವನಿಗೂ ಗೊತ್ತಾಯಿತು.

"ಹಾಡು ಕೆಟ್ಟಿಲ್ಲ," ಅಂದ ಕಡೆಗೆ. "ಆದ್ರ ಹೆಸರು ಕೆಟ್ಟಿತಲ್ಲ. ಸೂರತ್ತಿನ ಆ ಮನಿಯಾಕಿ ತಾನ ಇಕೀನ ಕರೀಲಿ. ಅದ ಮನಿಯಾಗ, ಅದ ಮಂದಿ ಮುಂದ ಹಾಡಿ ಬರಲಿ. ಅಲ್ಲೀತನಕ ನಾ ಬೆಳಗಾವಿಗೆ ಏನೂ ಹೇಳೂದಿಲ್ಲ. ಕರೀಲಿಲ್ಲಂದ್ರ ಮುಗೀತು."

ಮತ್ತೆ ರೈಲು. ಸೂರತ್ತಿನಲ್ಲಿ ಮ್ಯಾನೇಜರ ಹೆಂಡತಿ ಬಾಗಿಲು ಅರ್ಧ ತೆರೆದು ನಿಂತಳು.

"ಮತ್ತೆ ಆ ಹಾಡಾ? ನಮ್ಮ ಮನೇಲಾ?"

"ದೇವರ ಮುಂದ ಬ್ಯಾಡ. ಮಧ್ಯಾಹ್ನ, ಉಂಡಮ್ಯಾಲೆ."

"ಅವತ್ತು ಆಗಿದ್ದೇ ಸಾಕಜ್ಜಿ."

"ನೋಡವ್ವಾ, ನಿನಗ ಸಿಟ್ಟು ಬಂದದ್ದು ಲಕ್ಷ್ಮಿ ಸಲುವಾಗಿ ಅಲ್ಲ. ನಿಮ್ಮತ್ತಿ ನಕ್ಕರಲ್ಲ, ಅದಕ್ಕ. ಉರಿ ಏರಿಸೋರು ಅವರು, ನಗೋರೂ ಅವರ."

ಅವಳು ತಿರುಗಿ ಒಳಗೆ ನೋಡಿದಳು. ಅತ್ತೆ ಸೋಫಾದ ಮೇಲೆ ನಿದ್ದೆ ಮಾಡುತ್ತಿದ್ದರು. ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡು ಅಡಿಗೆಮನೆಯಲ್ಲಿ ಕೂಡಿಸಿ ಕಾಫಿ ಕೊಟ್ಟಳು. "ಶನಿವಾರ ಬರಕ್ಕೆ ಹೇಳಿ," ಅಂದಳು, ಸಣ್ಣ ದನಿಯಲ್ಲಿ.

ಶನಿವಾರ ಹುಡುಗಿ ಅಪ್ಪನ ಜೊತೆ ಬಂದಳು. ಅವನು ಗಂಡಸರ ಜೊತೆ ಬಾಲ್ಕನಿಯಲ್ಲಿ ನಿಂತ. ದೇವರ ಗೂಡಿನ ಬಾಗಿಲು ಹಾಕಿದ್ದರು. ಅವಳಿಗೆ ಕೀಬೋರ್ಡಿಲ್ಲ, ತಬಲಾ ಇಲ್ಲ, ಬರೀ ಕೈತಾಳ. ಮೊದಲನೇ ಹಾಡಿನಲ್ಲಿ ದನಿ ನಡುಗಿತು, ಶ್ರುತಿ ತಪ್ಪಿತು. ಒಬ್ಬಾಕೆ ಗಡಿಯಾರ ನೋಡಿದಳು. ನಾನು ಎದ್ದು ಓಡಾಡಲಾರದೆ ಸೀರೆ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದೆ. ಹಾಲಿನ ಹಾಡಿಗೆ ಬಂದಾಗ ಮನೆಯ ಸೊಸೆ ಉಪ್ಪಿಟ್ಟಿನ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು, ಒಳಗೆ ಹೋಗಲಿಲ್ಲ.

"ಇನ್ನೊಂದ್ಸಲ ಹೇಳಮ್ಮ, ಆ ಉರಿ ಏರಿಸಿದ್ದು," ಅಂದರು ಅತ್ತೆ.

"ಹೇಳಮ್ಮ," ಅಂದಳು ಸೊಸೆ. "ಅತ್ತೆಗೆ ಒಂದು ಸಲ ಹೇಳಿದ್ರೆ ಕೇಳ್ಸಲ್ಲ."

ಹೆಂಗಸರು ನಕ್ಕ ನಗುವಿಗೆ ಬಾಲ್ಕನಿಯ ಗಂಡಸರು ಒಳಗೆ ಇಣುಕಿದರು. ಹುಡುಗಿಯ ದನಿ ಆಮೇಲೆ ನಡುಗಲಿಲ್ಲ. ಎಲ್ಲ ಹಾಡೂ ಹಾಡಿದಳು, ಯಾರೂ ಎದ್ದು ಹೋಗಲಿಲ್ಲ.

ಸ್ಟೇಷನ್ನಿನಲ್ಲಿ ಅಪ್ಪ ಅಂದದ್ದು ಇಷ್ಟೇ: "ಒಂದು ವರ್ಷ ಬ್ಯಾಡ ಅಂತ ಹೇಳ್ತೀನಿ ಅವರಿಗೆ. ಒಂದ ವರ್ಷ. ಇನ್ನೊಂದು ಕ್ಯಾಸೆಟ್ಟು ಮಾಡ್ಲಿ, ಅದನ್ನೂ ಮಂದಿ ಮೆಚ್ಚಲಿ, ಆಮ್ಯಾಲೆ ನೋಡೂಣು."

ಎರಡನೆಯದು ಹೇಳಿದ ವೇಳೆಗೆ ಬಂತು. ಈ ಸಲ ದೀಪ ಇರಲಿಲ್ಲ, ಅವಳ ಫೋಟೋ ಇತ್ತು, ಕನ್ನಡದ ಅಕ್ಷರ ಹುಬ್ಬಳ್ಳಿಯಲ್ಲಿ ಒತ್ತಿಸಿ ತರಿಸಿದ್ದರು. ಮೂರೂ ಊರಿನವರು ನನ್ನ ಮಾತಿಗೆ ಕಾಯುತ್ತಿದ್ದರು. ಮಕರಪುರದಲ್ಲಿ ಕೂತು ಎರಡು ಸಲ ಕೇಳಿದೆ. ಅತ್ತೆಯ ಹಾಡು, ನಾದಿನಿಯ ಹಾಡು, ಓರಗಿತ್ತಿಯ ಹಾಡು. ಪ್ರತಿ ನುಡಿಯ ಕೊನೆಗೆ ಹಾಡು, ಈಗ ನಗ್ರಿ ಎಂದು, ನಿಂತು ಕಾಯುತ್ತಿತ್ತು.

"ಛಲೋ ಆಗಿಲ್ಲ," ಅಂದೆ.

ಹುಡುಗಿ ಬಿಳಿಚಿಕೊಂಡಳು. "ಅಜ್ಜಿ, ಅವರಿಗೆ ಅದೇ ಪಸಂದ್ ಆಗಿತ್ತಲ್ಲ."

"ಅವಾಗ ನೀ ಅವರ ಸಲುವಾಗಿ ಕಟ್ಟಿರಲಿಲ್ಲ."

"ನೀವು ಬೇಡ ಅಂದ್ರೆ ಪಪ್ಪಾ ನನ್ನ ಬೆಳಗಾವಿಗೆ ಕಳಿಸ್ತಾರೆ. ಗೊತ್ತು ನಾ ನಿಮಗೆ? ಒಂದೇ ಸಲ ಚೆನ್ನಾಗಿದೆ ಅನ್ನಿ. ಪ್ಲೀಸ್."

ಮಗಳೂ ಹೇಳಿದಳು, "ಒಂದು ಸುಳ್ಳಿಗೆ ನಿನ್ನ ಗಂಟು ಏನ್ ಹೋಗತದವ್ವಾ?"

ಆ ವಾರ ನನಗೆ ಊಟ ಸೇರಲಿಲ್ಲ. ಛಲೋ ಅಂದರೆ ಅವರು ತೆಗೆದುಕೊಂಡು ಕೇಳುತ್ತಾರೆ, ಕೇಳಿದ ಮೇಲೆ ನನ್ನನ್ನೂ ನಂಬುವುದಿಲ್ಲ, ಅವಳನ್ನೂ ನಂಬುವುದಿಲ್ಲ. ಬ್ಯಾಡ ಅಂದರೆ ಅವಳ ಕತೆ ಅಲ್ಲಿಗೇ ಮುಗಿಯುತ್ತದೆ. ಕಟ್ಟೆಯಿಂದ ಗೇಟಿಗೆ, ಗೇಟಿನಿಂದ ಕಟ್ಟೆಗೆ ತಿರುಗಿದೆ. ಕಡೆಗೆ ಚೀಲ ತೆಗೆದುಕೊಂಡು ಹೊರಟೆ. ಮಣಿನಗರದಲ್ಲಿ ಹೇಳಿದೆ, ಅಡಾಜಣ್‌ನಲ್ಲಿ ಹೇಳಿದೆ, ವಾಪಸು ಬಂದು ಮಕರಪುರದಲ್ಲಿ ಹೇಳಿದೆ. "ಈ ಸಲದ್ದು ಬ್ಯಾಡ. ಮುಂದಿನದು ತಗೊಳ್ರಿ. ಅದು ಛಲೋ ಬರತದ."

ಆಮೇಲೆ ಕನ್ನಡದವರು ಎಲ್ಲಿ ಕಂಡರೂ ಅವಳ ಅಪ್ಪನನ್ನು ಹಿಡಿದು ಕೇಳತೊಡಗಿದರು. ಮುಂದಿನದು ಯಾವಾಗ ಬರುತ್ತದೆ? ಸೂರತ್ತಿನ ಆ ಅತ್ತೆಯಂತೂ ಎರಡು ಸಲ ಫೋನ್ ಮಾಡಿಸಿದರಂತೆ. ಅವನು ಕೆಳಗಿಳಿದು ಬಂದು ನಮ್ಮ ಬಾಗಿಲಲ್ಲಿ ನಿಂತ.

"ಅಮ್ಮಾರ, ಮುಂದಿನದು ಅಂತ ಒಂದು ಇರತದ ಅಂತ ನಿಮಗ ಯಾರ್ ಹೇಳಿದ್ರು?"

"ಯಾರೂ ಹೇಳಿಲ್ಲ. ನಾ ಮಂದಿಗೆ ಹೇಳೀನಿ. ಇಲ್ಲ ಅನ್ನೂದಾದ್ರ ನೀನ ಹೋಗಿ ಹೇಳು, ಮೂರೂ ಊರಿಗೆ."

ಅವನು ಚಪ್ಪಲಿ ಹಾಕಿಕೊಂಡು ಮೇಲೆ ಹೋದ. ಬೆಳಗಾವಿಗೆ ಏನು ಹೇಳಿದನೋ ನನಗೆ ತಿಳಿಸಲಿಲ್ಲ. ಆ ವರ್ಷ ಲಗ್ನವೂ ಆಗಲಿಲ್ಲ.

ಹುಡುಗಿ ನನ್ನ ಹತ್ತಿರ ಮಾತು ಬಿಟ್ಟಳು. ಮೆಟ್ಟಿಲ ಮೇಲೆ ಎದುರಾದರೆ ಗೋಡೆ ಕಡೆ ನೋಡುತ್ತಿದ್ದಳು. ಬೆಳಗಾದರೆ ಮೇಲಿನಿಂದ ಹಾರ್ಮೋನಿಯಂ ಶುರುವಾಗುತ್ತಿತ್ತು. ಒಂದೇ ಸಾಲನ್ನು ಹಾಡುವುದು, ನಿಲ್ಲಿಸುವುದು, ಅದನ್ನೇ ಬೇರೆ ಥರ ಹಾಡುವುದು. ನನಗೂ ಅದು ಇನ್ನೂ ಸರಿ ಕೂತಿಲ್ಲ ಅನ್ನಿಸುತ್ತಿತ್ತು. ಯಾರೂ ಕೇಳಲಿಲ್ಲವಾದ್ದರಿಂದ ನಾನು ಹೇಳಲಿಲ್ಲ.