ಐದೈದು ಸೇರಿನ ಲೆಕ್ಕ

ನಾನು ಓದಿದ್ದು ಮೂರನೇ ತರಗತಿವರೆಗೆ. ಅದೂ ಪಾಮನಕಲ್ಲೂರಿನಲ್ಲಿ, ಸೊಂಟದ ಮೇಲೆ ತಮ್ಮನನ್ನು ಕೂರಿಸಿಕೊಂಡು. ಅವನು ನಡೆಯಲು ಕಲಿತ ವರ್ಷ ನನ್ನನ್ನು ಶಾಲೆ ಬಿಡಿಸಿ ಕಳೆ ತೆಗೆಯಲು ಹಚ್ಚಿದರು. ಇಂಥವಳು ಮಕ್ಕಳಿಗೆ ಮನೆಯಲ್ಲಿ ಪಾಠ ಹೇಳುವುದರ ಬಗ್ಗೆ ಬರೆಯಲು ಕೂತಿದ್ದಾಳೆಂದರೆ ನಗು ಬರುವುದು ಸಹಜ. ನಕ್ಕು ಮುಗಿಸಿ, ಆಮೇಲೆ ಓದಿ.

ನನ್ನ ಮಗ ಶರಣಪ್ಪ ಮಾಸ್ತರ. ಸಿಂಧನೂರಿನ ನಮ್ಮ ಮನೆಯಿಂದ ದಿನಾ ಬಸ್ಸು ಹಿಡಿದು ತುರ್ವಿಹಾಳಕ್ಕೆ ಹೋಗಿ ನಲವತ್ತು ಮಕ್ಕಳಿಗೆ ಗಣಿತ ಕಲಿಸುತ್ತಾನೆ. ಅಲ್ಲಿ ಬಹಳ ಶಾಂತ ಮನುಷ್ಯನಂತೆ. ಜನ ಹೇಳುತ್ತಾರೆ, ನಾನು ನೋಡಿಲ್ಲ. ಮನೆಗೆ ಬಂದು, ನಾಲ್ಕನೇ ತರಗತಿ ಓದುವ ತನ್ನ ಮಗಳು ಸ್ಫೂರ್ತಿಯ ಎದುರು ಕೂತನೆಂದರೆ ಹತ್ತು ನಿಮಿಷದಲ್ಲಿ ಕನ್ನಡಕ ತೆಗೆಯುತ್ತಿದ್ದ. ಕನ್ನಡಕ ತೆಗೆದರೆ ಮುಂದಿನದು ಬೈಗುಳ, ಅದರ ಮುಂದಿನದು ಅಳು. ಹುಡುಗಿಗೆ ಇದು ಗೊತ್ತಿದ್ದುದರಿಂದ ಸ್ವಲ್ಪ ಮುಂಚೆಯೇ ಅಳಲು ಶುರುಮಾಡುತ್ತಿದ್ದಳು.

ಸೊಸೆ ಗೀತಾ ಇದಕ್ಕೆ ಮೊಬೈಲಿನಲ್ಲಿ ಉಪಾಯ ಹುಡುಕಿದಳು. ಪಾಲಕರಿಗೆ ಸಲಹೆ ಕೊಡುವ ಹೆಣ್ಣುಮಗಳೊಬ್ಬಳು ಅದರಲ್ಲಿ ಬರುತ್ತಾಳೆ. ಮಗುವಿಗೊಂದು ಬೇರೆ ಮೇಜು ಕೊಡಿ, ವೇಳಾಪಟ್ಟಿ ಅಂಟಿಸಿ, ಸರಿ ಮಾಡಿದಾಗ ಚಪ್ಪಾಳೆ ತಟ್ಟಿ ಅನ್ನುತ್ತಾಳೆ. ಮೇಜು ಬಂತು, ಅದರ ಮೇಲೆ ಈಗ ಇಸ್ತ್ರಿ ಮಾಡುವ ಬಟ್ಟೆಗಳಿವೆ. ವೇಳಾಪಟ್ಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿತು. ಚಪ್ಪಾಳೆ ತಟ್ಟುವ ಸಂದರ್ಭವೇ ಬರಲಿಲ್ಲ. ಭಾಗಾಕಾರ ಇದ್ದಲ್ಲೇ ಇತ್ತು.

ಕಡೆಗೊಮ್ಮೆ ಶರಣಪ್ಪ ಲಿಂಗಸುಗೂರಿನ ಯಾವುದೋ ಕೋಚಿಂಗ್ ಹಾಸ್ಟೆಲಿನ ಫಾರಂ ತಂದು ಕಪಾಟಿನಲ್ಲಿಟ್ಟ. "ಬರೋ ಐತ್ವಾರದೊಳಗ ಭಾಗಾಕಾರ ಬರದಿದ್ರ, ಮುಂದಿನ ವರ್ಷ ಅಲ್ಲೇ ಇರ್ತಾಳ. ನನ್ನ ಕೈಲೆ ಆಗಂಗಿಲ್ಲ" ಅಂದ.

ಸ್ಫೂರ್ತಿ ಮರುದಿನ ಬೆಳಿಗ್ಗೆ ನನ್ನ ಮುಂದೆ ಜಡೆ ಹಾಕಿಸಿಕೊಳ್ಳಲು ಕೂತಾಗ ಕೇಳಿದಳು, "ಆಯಿ, ಹಾಸ್ಟೆಲ್‌ದಾಗ ಜಡಿ ಯಾರು ಹಾಕ್ತಾರ?"

"ನೀನೇ ಹಾಕ್ಕೋಬೇಕು."

"ನಂಗ ಬರಂಗಿಲ್ಲಲ್ಲ."

"ಹಂಗಾರ ಭಾಗಾಕಾರ ಕಲಿ," ಎಂದೆ. ಸುಳ್ಳು ಸಮಾಧಾನ ಹೇಳುವುದು ನನಗೆ ಬರುವುದಿಲ್ಲ.

ಶನಿವಾರ ನನ್ನ ತಮ್ಮ, ಅದೇ ಸೊಂಟದ ಮೇಲಿದ್ದವನು, ಊರಿಂದ ಒಂದು ಚೀಲ ಜೋಳ ಕಳಿಸಿದ. ಮೊರ ಹಿಡಿದು ಹಸನು ಮಾಡಲು ಕೂತೆ. ಬಗ್ಗಿ ಅಳೆಯಲು ಈಗ ಆ ಸೊಂಟ ಒಪ್ಪುವುದಿಲ್ಲ. "ಬಾರಬೇ ಇಲ್ಲಿ, ಸೇರು ಹಿಡಿ. ಗಿರಣಿಗೆ ಒಯ್ಯಾಕ ಐದೈದು ಸೇರು ಕಟ್ಟು" ಎಂದು ಮೊಮ್ಮಗಳನ್ನು ಕರೆದೆ.

ನಮ್ಮ ಕಡೆ ಕಾಳು ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಕಾರಣ ನನಗೂ ಸರಿಯಾಗಿ ಗೊತ್ತಿಲ್ಲ. ನಮ್ಮವ್ವ ಹಾಗೆ ಅನ್ನುತ್ತಿದ್ದಳು, ಅವಳವ್ವನೂ ಹಾಗೇ. ವರ್ಷದ ಕಾಳಿನ ಮುಂದೆ ಕೂತು ಬರೀ ಒಂದು ಎನ್ನಲು ಯಾರಿಗೂ ಮನಸ್ಸು ಬಂದಿರಲಿಕ್ಕಿಲ್ಲ. ನಾನು ಆ ಹುಡುಗಿಗೆ ಹೇಳಿಕೊಟ್ಟದ್ದು ಇದಿಷ್ಟೇ. ಲಾಭ, ಎರಡು, ಮೂರು ಎಂದು ಅಳೆದಳು. ಒಟ್ಟು ನಲವತ್ಮೂರು ಸೇರು.

"ಎಂಟು ಗಂಟು ಆದ್ವು ಆಯಿ. ಮೂರು ಸೇರು ಉಳೀತು."

"ಏಳೇಳು ಕಟ್ಟಿದ್ರ?" ಉತ್ತರ ನನಗೆ ಗೊತ್ತಿರಲಿಲ್ಲ. ಸುಮ್ಮನೆ ಕೇಳಿದ್ದೆ.

ಅವಳು ಜೋಳದಲ್ಲಿ ಬೆರಳಾಡಿಸುತ್ತ, "ಆರು ಗಂಟು. ಉಳಿಯೋದು ಲಾಭ" ಎಂದಳು.

ನಾನು ಚಪ್ಪಾಳೆ ತಟ್ಟಲಿಲ್ಲ. ಕೈಯಲ್ಲಿ ಮೊರ ಇತ್ತು.

ಮರುದಿನ, ಐತ್ವಾರ ಸಂಜೆ, ಶರಣಪ್ಪ ಪರೀಕ್ಷೆಗೆ ಕೂರಿಸಿದ. "ಇಪ್ಪತ್ತೊಂಬತ್ತನ್ನ ನಾಲ್ಕರಿಂದ ಭಾಗಿಸು."

ಹುಡುಗಿ ಪೆನ್ಸಿಲ್ ಮುಟ್ಟಲಿಲ್ಲ. "ಏಳು. ಉಳಿದಿದ್ದು ಲಾಭ."

ಕನ್ನಡಕ ಕೆಳಗಿಳಿಯಿತು. "ಏನಂದಿ? ಶೇಷ ಎಷ್ಟು ಅಂತ ಕೇಳಾಕತ್ತೀನಿ!"

"ಲಾಭ..." ಎಂದಳು.

ತಪ್ಪು ನನ್ನದು. ಸುಮ್ಮನಿರಲಾಗಲಿಲ್ಲ. "ಅಕಿಗ್ಯಾಕ ಕಣ್ಣು ಬಿಡ್ತೀಯೋ? ಹೇಳಿಕೊಟ್ಟಾಕಿ ನಾನು. ಜ್ವಾಳ ಅಳಿಯಾಕ ಕಲ್ತಾಳ, ಹಂಗೇ ಅಂದಾಳ. ನೀನೂ ಎರಡ್ನೇ ಕ್ಲಾಸಿನ್ಯಾಗ ಲಾಭ, ಎರಡು ಅಂತ ಎಣಿಸಿ ಮಾಸ್ತರ ಕಡೆ ಹೊಡ್ತ ತಿಂದು ಬಂದಿದ್ದಿ. ಮ್ಯಾಲೆ ನಾನೂ ಎರಡು ಹಾಕಿದ್ದೆ. ಮರ್ತೀ ಏನು?"

ಅವನು ಮರೆತಿರಲಿಲ್ಲ. ನಾನೂ ಮರೆತಿಲ್ಲ. ಹೇಳಿಕೊಟ್ಟವಳೂ ನಾನೇ, ಹೊಡೆದವಳೂ ನಾನೇ.

ಕನ್ನಡಕ ಮೂಗಿನ ಮೇಲೆ ವಾಪಸು ಬಂತು. "ಐವತ್ತೆರಡು, ಆರರಿಂದ?"

"ಎಂಟು. ನಾಲ್ಕು ಉಳಿತಾವ."

ಇನ್ನೂ ಮೂರು ಕೇಳಿದ. ಎರಡು ಸರಿ, ಒಂದು ತಪ್ಪು. ಆ ತಪ್ಪನ್ನು ಅವಳೇ ಕಂಡುಹಿಡಿದಳು. "ಪರೀಕ್ಷಾ ಹಾಳ್ಯಾಗ ಲಾಭ ಅಲ್ಲ, ಒಂದು ಅಂತ ಬರಿ ಮತ್ತ," ಎಂದ.

"ಮನ್ಯಾಗ?"

"ಮನ್ಯಾಗ ಏನರ ಅನ್ನು."

ಫಾರಂ ಈಗ ಹಿಟ್ಟಿನ ಡಬ್ಬಿಯ ಕೆಳಗಿದೆ. ಒಳ್ಳೆ ದಪ್ಪ ಕಾಗದ. ಜಡೆ ಹಾಕುವ ಕೆಲಸ ನನಗೇ ಉಳಿಯಿತು.

ಓಣಿಯ ತಾಯಂದಿರು ಮಕ್ಕಳಿಗೆ ಹೇಗೆ ಕಲಿಸಬೇಕೆಂದು ಕೇಳಿದರೆ ನಾನು ಹೇಳುವುದು ಒಂದೇ. ಪಾಠಕ್ಕೆ ಕೂರುವಾಗ ನಿಮ್ಮ ಕೈಗೂ ಒಂದು ಕೆಲಸ ಕೊಟ್ಟುಕೊಳ್ಳಿ. ಖಾಲಿ ಕೈ ಕನ್ನಡಕಕ್ಕೆ ಹೋಗುತ್ತದೆ, ಇಲ್ಲವೇ ಮಗುವಿನ ಬೆನ್ನಿಗೆ. ಶರಣಪ್ಪ ಈಗ ಲೆಕ್ಕ ಕೇಳುತ್ತ ಬೆಳ್ಳುಳ್ಳಿ ಬಿಡಿಸುತ್ತಾನೆ. ಅರ್ಧ ಸಿಪ್ಪೆ ಹಾಗೇ ಉಳಿದಿರುತ್ತದೆ. ಅದನ್ನು ಆಮೇಲೆ ನಾನು ಬಿಡಿಸುತ್ತೇನೆ. ಅವನಿಗೂ ಬರುತ್ತದೆ, ನಿಧಾನಕ್ಕೆ.