ಟೈಲರ್ ಚಿಕ್ಕಮ್ಮ ಮಾತು ಮುಗಿಸಿದ್ದು

ತೊದಲುವವರಿಗೆ ಶತ್ರುಗಳಿಗಿಂತ ಸಹಾಯಕ್ಕೆ ಬರುವವರ ಕಾಟವೇ ಹೆಚ್ಚು. ಟೈಲರ್ ಚಿಕ್ಕಮ್ಮನನ್ನು ಕೇಳಿದ್ದರೆ ಹೇಳುತ್ತಿದ್ದಳು, ಆದರೆ ಕೇಳಿದವರು ಉತ್ತರವನ್ನೂ ತಾವೇ ಹೇಳಿಕೊಂಡು ಹೋಗುತ್ತಿದ್ದರು. ಅವಳು "ತೋ... ತೋಳು..." ಎನ್ನುವಷ್ಟರಲ್ಲಿ ಗಿರಾಕಿ, "ಉದ್ದ ಆಯ್ತಾ? ಕತ್ತರಿಸಿಬಿಡಿ" ಎನ್ನುತ್ತಿದ್ದಳು. ಚಿಕ್ಕಮ್ಮ ಹೇಳಹೊರಟಿದ್ದು ತೋಳು ಬಿಗಿಯಾಯಿತು ಎಂದು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಸಮಾಧಾನ ಹೇಳುವವರಿಗೇನೂ ಬರವಿರಲಿಲ್ಲ. ಅವರೆಲ್ಲ ಬೆಳ್ಳಿಯನ್ನು ಧಾರಾಳವಾಗಿ ಚೆಲ್ಲುವವರೇ.

ಇವರೆಲ್ಲರಿಗಿಂತ ಮುಂದಿದ್ದವಳು ಅವಳ ಅಕ್ಕ. ಮಹಡಿಯಲ್ಲಿ ಅಕ್ಕ-ಭಾವನ ಸಂಸಾರ. ಕೆಳಗೆ ರಸ್ತೆಗೆ ತೆರೆದ ಒಂದೇ ಕೋಣೆಯಲ್ಲಿ ಚಿಕ್ಕಮ್ಮನ ಮೆಷಿನ್ನು, ಒಲೆ, ಹಾಸಿಗೆ. ಅಕ್ಕನ ಪ್ರೀತಿ ಸುಳ್ಳಲ್ಲ. ಶಾಲೆಯಲ್ಲಿ ತಂಗಿಯನ್ನು ಅಣಕಿಸಿದ ಹುಡುಗರ ಬೆನ್ನು ಬಿಸಿ ಮಾಡಿದವಳು ಅವಳೇ. ಆದರೆ ತಂಗಿಯ ಮಾತು ಮುಗಿಸುವ ಕೆಲಸವನ್ನೂ ಆಗಲೇ ಕೈಗೆತ್ತಿಕೊಂಡಳು. ಇಬ್ಬರ ತಲೆ ನರೆತರೂ ಅದನ್ನು ಬಿಡಲಿಲ್ಲ.

ಒಮ್ಮೆ ಒಬ್ಬ ನರ್ಸ್ ಸಡಿಲ ಮಾಡಲು ಕೊಟ್ಟ ಕೋಟಿನ ಜೇಬಿನಲ್ಲಿ ತೆಳ್ಳನೆಯ ಪದ್ಯದ ಪುಸ್ತಕವೊಂದು ಉಳಿದುಹೋಗಿತ್ತು. ಚಿಕ್ಕಮ್ಮ ಬಿಡಿಸಿ ನೋಡಿದರೆ ಪ್ರತಿ ಪುಟವೂ ಅರ್ಧ ಖಾಲಿ. ನಾನು ಇಷ್ಟು ಬಟ್ಟೆ ಹಾಳು ಮಾಡಿದರೆ ಗಿರಾಕಿ ಸುಮ್ಮನೆ ಬಿಡುತ್ತಾರೆಯೇ ಎಂದು ನಗು ಬಂತು. ಮೆಷಿನ್ನಿನ ಸದ್ದಿನ ಮರೆಯಲ್ಲಿ ಗಟ್ಟಿಯಾಗಿ ಓದಿದಳು, ಯಾರೋ ಬೆನ್ನಟ್ಟಿಕೊಂಡು ಬರುತ್ತಿರುವ ಹಾಗೆ. ಒಂದಕ್ಷರ ತಲೆಗೆ ಹತ್ತಲಿಲ್ಲ. ನರ್ಸ್ ಬಂದಾಗ ಕೇಳಿಯೇಬಿಟ್ಟಳು.

"ಸಾಲನ್ನ ಯಾ... ಯಾಕೆ ಹೀಗೆ ಅರ್ಧಕ್ಕೇ ನಿ... ನಿ..."

ನರ್ಸ್ ಸುಮ್ಮನೆ ನಿಂತಿದ್ದಳು.

"...ನಿಲ್ಲಿಸಿದಾರೆ?"

"ಅಲ್ಲಿ ನೀವೂ ಸ್ವಲ್ಪ ನಿಲ್ಲಬೇಕು ಚಿಕ್ಕಮ್ಮ. ನಿಧಾನಕ್ಕೆ ಓದಿ. ಪುಸ್ತಕ ನಿಮ್ಮ ಹತ್ರಾನೇ ಇರ್ಲಿ."

"ನಿಂತ್ರೆ ಕೇ... ಕೇಳೋರು ಎದ್ದು ಹೋಗಲ್ವಾ?"

"ಹೋಗಲ್ಲ. ಕಾಯ್ತಾರೆ."

ಆ ಪುಸ್ತಕದ ಹಿಂದೆ ಇನ್ನೊಂದು ಬಂತು, ಅದರ ಹಿಂದೆ ಮತ್ತೊಂದು. ಚಿಕ್ಕಮ್ಮ ಇಷ್ಟು ಕಾಲ ಮಾತನ್ನು ಆರಿಸುತ್ತಿದ್ದುದು ನಾಲಿಗೆಯ ಅನುಕೂಲ ನೋಡಿ. "ಬೇಡ" ಎನ್ನಲು ಕಷ್ಟವಾದರೆ "ಸರಿ" ಎಂದುಬಿಡುತ್ತಿದ್ದಳು. ಈಗ ಎಷ್ಟು ಹೊತ್ತು ಹಿಡಿದರೂ ತನಗೆ ಬೇಕಾದ ಮಾತನ್ನೇ ಆಡತೊಡಗಿದಳು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಗುರುತು ಹಾಕುವ ಸೀಮೆಸುಣ್ಣದಿಂದ ಒಂದೆರಡು ಸಾಲು ಬರೆದು, ಓದಿ, ಒರೆಸಿಬಿಡುತ್ತಿದ್ದಳು. ಒಂದನ್ನು ಮಾತ್ರ ನರ್ಸಿಗೆ ತೋರಿಸಿದಳು:

ನನ್ನ ಮಾತು ತಡವಾಗಿ ಬರುತ್ತದೆ,
ಬಾಗಿಲು ಹಾಕಬೇಡಿ.

ಓದಿದವಳ ಕಣ್ಣು ತುಂಬಿತ್ತು. ಐವತ್ತು ದಾಟಿದ ಮೇಲೆ ಹೀಗೆ ಮನಸ್ಸು ಬಿಚ್ಚುವುದಕ್ಕೆ ಗಟ್ಟಿ ಗುಂಡಿಗೆ ಬೇಕು.

ಅಷ್ಟರಲ್ಲಿ ಭಾವನಿಗೆ ನಿವೃತ್ತಿಯಾಯಿತು. ದೂರದ ಹೊಸ ಮನೆಗೆ ಹೋಗುವುದೆಂದು, ತಂಗಿಯೂ ಅಂಗಡಿ ಮುಚ್ಚಿ ಜೊತೆಗೆ ಬರುವುದೆಂದು ಅಕ್ಕ ತಾನೇ ತೀರ್ಮಾನಿಸಿ ಮನೆ ಓನರನ್ನು ಕರೆತಂದಳು.

"ಈ ರೂಮೂ ಖಾಲಿ ಮಾಡ್ತೀವಿ. ಅಲ್ವೇನೇ ಪುಟ್ಟಿ?"

"ನಾ... ನಾನು..."

"ಬರ್ತೀನಿ ಅಂತಿದಾಳೆ."

ಓನರ್ ತಲೆಯಾಡಿಸಿ ಹೊರಟರು. ಅವರು ಹೊಸ್ತಿಲು ದಾಟಿದರೆ ಕೋಣೆ ಕೈತಪ್ಪಿದಂತೆಯೇ. ಚಿಕ್ಕಮ್ಮ ಕತ್ತರಿ ಕೆಳಗಿಟ್ಟು ಬಾಗಿಲಿಗೆ ಅಡ್ಡ ನಿಂತಳು.

"ನಾನಿನ್ನೂ ಮು... ಮುಗಿಸಿಲ್ಲ."

ಅಕ್ಕನ ತುಟಿ ಆಗಲೇ ಅಲುಗುತ್ತಿತ್ತು. ಚಿಕ್ಕಮ್ಮ ಕೈಯೆತ್ತಿ ತಡೆದಳು. ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು, ಮುಖ ಕೆಂಪಾಯಿತು, ರಸ್ತೆಯಲ್ಲಿ ಒಂದು ಬಸ್ಸು ಬಂದು ನಿಂತು ಹೋಯಿತು. ಅವಳು ತಲೆ ತಗ್ಗಿಸಲಿಲ್ಲ.

"ನಾನು ಬ... ಬರಲ್ಲ. ಈ ರೂಮು ನಂಗೆ ಬೇಕು. ಇಲ್ಲೇ ಹೊಲೀತೀನಿ, ಇಲ್ಲೇ ಓ... ಓದ್ತೀನಿ."

"ಅದಕ್ಕೇನಂತೆ, ಇರಿ," ಎಂದು ಓನರ್ ಹೊರಟುಹೋದರು. ಅಕ್ಕನಿಗೆ ಅಳುವೇ ಬಂತು.

"ಇಷ್ಟು ವರ್ಷ ನಿನ್ನ ಪರವಾಗಿ ಮಾತಾಡಿದೀನಲ್ಲೇ, ಒಂದು ಸಲನಾದ್ರೂ ತಪ್ಪಿದೀನಾ?"

"ಆ ಮೇ... ಮೇಷ್ಟ್ರು ನನ್ನ ಮದುವೆಯಾಗ್ತೀನಿ ಅಂತ ಬಂದಾಗ..."

"ನೀನೇ ಒಲ್ಲೆ ಅಂದೆ!"

"ನೀ... ನೀನು ಅಂದೆ ಅಕ್ಕ. ನಾನು ಹೂಂ ಅನ್ನೋಕೆ ಹೊ... ಹೊರಟಿದ್ದೆ."

ಅದರಲ್ಲಿ ಸಿಟ್ಟಿರಲಿಲ್ಲ. ಅಕ್ಕ ಸ್ಟೂಲಿನ ಮೇಲೆ ಕುಸಿದಳು. ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಏನು ಹೇಳಹೊರಟಿದ್ದಾಳೆಂದು ಚಿಕ್ಕಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ತಾನು ಹೇಳಿ ಮುಗಿಸಲು ಹೋಗಲಿಲ್ಲ. ಅಕ್ಕನ ಪಕ್ಕದಲ್ಲಿ ಕುಳಿತು ಕಾದಳು.